ಹಳೆಯ ವೈನು, ಅಥಣಿ ಚಪ್ಪಲಿಯ ವಾಸನೆ

ಕಳೆದ ಸಂಚಿಕೆಯಲ್ಲಿ ಒಣದ್ರಾಕ್ಷಿ ಶೆಡ್ಡಿನ ಬಗ್ಗೆ ಬರೆದಿದ್ದೆ. ಈ ಸಲ ಬಂದ ಪತ್ರಗಳು ಒಂದೂ ಬಿಡದೆ ವೈನಿನ ಕಡೆ ಹೊರಳಿವೆ. ನನಗೇನೂ ಬೇಜಾರಿಲ್ಲ. ಹದಿನೆಂಟು ವರ್ಷ ಸೋಲಾಪುರದ ಕಡೆ ವೈನರಿಯೊಂದರ ಲ್ಯಾಬಿನಲ್ಲಿ ಪಿಪೆಟ್ ಹಿಡಿದು ನಿಂತವಳು ನಾನು. ಈಗ ವಿಜಯಪುರದ ಮನೆಯಂಗಳದಲ್ಲಿ ಎರಡು ಬಳ್ಳಿ, ಒಂದು ಬೆಕ್ಕು ಸಾಕಿಕೊಂಡಿದ್ದೇನೆ. ವೈನಿನ ಬಗ್ಗೆ ಮಾತಾಡಿ ಅಂದರೆ ನಿಲ್ಲಿಸುವುದೇ ಕಷ್ಟ.

ಮಗಳು ಫ್ರಾನ್ಸಿನಲ್ಲಿ ಓದುತ್ತಾಳೆ. ಕಳೆದ ದೀಪಾವಳಿಗೆ ಬಂದಾಗ ಒಂದು ಕೆಂಪು ವೈನ್ ತಂದಳು. ‘ಶಾತೋ ಪೊಂತೆ-ಕಾನೆ, ಪೊಯಾಕ್, 2010’ ಎಂದು ಬರೆದಿದೆ. ಬಯೋಡೈನಾಮಿಕ್ ಎಂಬ ಒಂದು ಬಗೆಯ ಸಾವಯವ ಕೃಷಿಯ ತೋಟದ್ದಂತೆ, ಭಾಳ ಬೆಲೆಯದ್ದಂತೆ. ಅಂದಿನಿಂದ ತಿಜೋರಿಯಲ್ಲಿ ರೇಷ್ಮೆ ಸೀರೆಗಳ ನಡುವೆ ನಿಲ್ಲಿಸಿದ್ದೇವೆ. ಇನ್ನೂ ಇಟ್ಟರೆ ಇನ್ನೂ ಚಲೋ ಆಗುತ್ತದಾ? ತೆಗೆಯುವುದು ಹೇಗೆ? — ನಿವೃತ್ತ ಶಿಕ್ಷಕರು, ನವನಗರ, ಬಾಗಲಕೋಟೆ

ಮೇಷ್ಟ್ರೇ, ಮೊದಲು ಎದ್ದು ಹೋಗಿ ಆ ಬಾಟಲಿಯನ್ನು ಮಲಗಿಸಿ ಬನ್ನಿ. ಆಮೇಲೆ ಓದಿ. ನಿಂತ ಬಾಟಲಿಯ ಕಾರ್ಕ್ ಒಣಗಿ ಕುಗ್ಗುತ್ತದೆ, ಸಂದಿಯಲ್ಲಿ ಗಾಳಿ ನುಸುಳುತ್ತದೆ. ಮಲಗಿಸಿದರೆ ವೈನೇ ಕಾರ್ಕನ್ನು ತೋಯಿಸಿ ಇಡುತ್ತದೆ.

ಇನ್ನು ಬೇಸಿಗೆಯ ಮಾತು. ನಿಮ್ಮ ಬಾಟಲಿ ಬಾಗಲಕೋಟೆಯ ಒಂದು ಏಪ್ರಿಲ್, ಒಂದು ಮೇ ದಾಟಿದೆ. ತಿಜೋರಿ ಅಂದರೆ ಕಬ್ಬಿಣದ ಡಬ್ಬಿ. ಇಂಥ ವೈನಿಗೆ ಬೇಕಾದದ್ದು 12–14 ಡಿಗ್ರಿ, ಅದೂ ಹಗಲು ರಾತ್ರಿ ಏರಿಳಿತವಿಲ್ಲದೆ. ಬಾಟಲಿಯ ಕತ್ತು ಮುಟ್ಟಿ ನೋಡಿ. ಕಾರ್ಕ್ ಮೇಲಕ್ಕೆ ಉಬ್ಬಿದೆಯಾ? ಹೊದಿಕೆಯ ಅಂಚಿನಲ್ಲಿ ಬೆಲ್ಲದ ಪಾಕ ಸೋರಿದಂತೆ ಅಂಟು ಇದೆಯಾ? ಇದ್ದರೆ ಬಿಸಿಗೆ ವೈನು ಹಿಗ್ಗಿ ಹೊರಬಂದಿದೆ ಎಂದು ಅರ್ಥ. ಇಲ್ಲದಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಹಾಗಾದರೆ ಹಗೇವಿನಲ್ಲಿ ಇಡೋಣವೇ ಅಂತ ನಮ್ಮ ಕಡೆಯ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೂ ಕೇಳಿದ್ದೆ. ನಮ್ಮ ಅಜ್ಜನ ಮನೆಯಲ್ಲಿ ನೆಲದೊಳಗೆ ಜೋಳ ತುಂಬುವ ಹಗೇವು ಇತ್ತು. ತೆಗೆದ ದಿನ ಮೊದಲು ಕಂದೀಲು ಇಳಿಸುತ್ತಿದ್ದರು. ದೀಪ ಆರಿದರೆ ಆಳು ಇಳಿಯುವಂತಿಲ್ಲ, ಕಾಳು ಬಿಟ್ಟ ಗಾಳಿ ಒಳಗೆ ತುಂಬಿರುತ್ತದೆ. (ವೈನ್ ಹುದುಗುವ ಕೋಣೆಯಲ್ಲೂ ಅದೇ ಗಾಳಿ, ಅದೇ ಅಪಾಯ.) ಬಿಸಿಲಿನಿಂದ ಬಂದವರಿಗೆ ಹಗೇವು ತಣ್ಣಗೆ ಅನಿಸುತ್ತದೆ, ಖರೇ. ಆದರೆ ನೆಲದ ಆಳದ ಬಿಸಿ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಫ್ರಾನ್ಸಿನ ಊರೇ ತಣ್ಣಗಿರುವುದರಿಂದ ಅವರ ನೆಲಮಾಳಿಗೆ 12–13ಕ್ಕೆ ನಿಲ್ಲುತ್ತದೆ. ನಮ್ಮದು 25 ದಾಟುತ್ತದೆ. ನೆಲ ಅಗೆದು ಪ್ರಯೋಜನವಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ಈ ಚಳಿಗಾಲದಲ್ಲೇ ತೆಗೆದುಬಿಡಿ. ಒಳ್ಳೆಯ ನೆಲಮಾಳಿಗೆಯಲ್ಲಿದ್ದರೆ 2010ರ ಪೊಯಾಕ್ ಊರಿನ ವೈನು ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಬಾಳುತ್ತದೆ, ಅದು ಅಂಥ ಗಟ್ಟಿ ವರ್ಷ. ನಿಮ್ಮ ತಿಜೋರಿಯಲ್ಲಿ ಇನ್ನೊಂದು ಮೇ ತಿಂಗಳು ಬಾಳಲಾರದು. ಅಲ್ಲಿಯವರೆಗೆ ಫ್ರಿಜ್ಜಿನ ಕೆಳಗಿನ ಕಾಯಿಪಲ್ಯದ ಖಾನೆಯಲ್ಲಿ ಮಲಗಿಸಿ. ತೊಂದರೆ ಇಲ್ಲ.

ತೆಗೆಯುವ ಹಿಂದಿನ ದಿನ ಮಾತ್ರ ಬಾಟಲಿಯನ್ನು ನಿಲ್ಲಿಸಬೇಕು, ಗಷ್ಟು ತಳಕ್ಕೆ ಇಳಿಯಲು. ಗಷ್ಟು ನೋಡಿ ಹೆದರಬೇಡಿ. ದ್ರಾಕ್ಷಿ ಸಿಪ್ಪೆಯಿಂದ ಬಂದ ಬಣ್ಣ, ಒಗರು ಎರಡೂ ವರ್ಷಗಟ್ಟಲೆ ಒಂದಕ್ಕೊಂದು ಕೈ ಹಿಡಿದು ಉದ್ದ ಸರಪಳಿಯಾಗುತ್ತವೆ. ಭಾರ ತಡೆಯಲಾರದೆ ತಳ ಸೇರುತ್ತವೆ. ಹೊಸ ವೈನು ಹಸಿ ಬಾಳೆಕಾಯಿಯಂತೆ ನಾಲಿಗೆ ಹಿಡಿಯುವುದು, ಹಳೆಯದು ಬಿಡುವುದು ಇದಕ್ಕೇ. ಕೆಲವು ಬಾಟಲಿಯಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳೂ ಸಿಗುತ್ತವೆ. ಅವು ದ್ರಾಕ್ಷಿಯದೇ ಹುಳಿಯ ಲವಣ. ಗಾಜಿನ ಚೂರು ಅಂತ ಎಸೆದವರನ್ನು ನಾನು ಬಲ್ಲೆ.

ಹದಿನೈದು ವರ್ಷದ ಕಾರ್ಕ್ ಮೆತ್ತಗಾಗಿರುತ್ತದೆ. ತಿರುಪು ಹಾಕಿ ಜೋರಾಗಿ ಎಳೆದರೆ ಅರ್ಧ ಕೈಗೆ, ಅರ್ಧ ಒಳಗೆ. ಸುಮ್ನೆ ನಿಧಾನಕ್ಕೆ ಎಳೆಯಿರಿ. ಆಮೇಲೆ ಗಾಜಿನ ಜಗ್ಗಿಗೆ ಬಗ್ಗಿಸಿ. ಬಾಟಲಿಯ ಕತ್ತಿನ ಕೆಳಗೆ ಮೇಣದಬತ್ತಿ ಅಥವಾ ಮೊಬೈಲಿನ ಟಾರ್ಚ್ ಹಿಡಿದುಕೊಳ್ಳಿ. ವೈನು ದಾರದಂತೆ ತಿಳಿಯಾಗಿ ಹರಿಯುತ್ತಿರುತ್ತದೆ. ಕೊನೆಗೆ ಕತ್ತಿನಲ್ಲಿ ಹೊಗೆಯಂತೆ ಕಪ್ಪು ಎಳೆ ಕಾಣಿಸುತ್ತದೆ. ಅಲ್ಲೇ ಕೈ ತಡೆಯಿರಿ. ಜಗ್ಗು ಮಾತ್ರ ವಾಸನೆ ಇಲ್ಲದ್ದಾಗಿರಲಿ. ನನ್ನ ಮೊದಲ ಹಳೆಯ ಬಾಟಲಿಯನ್ನು ನಾನು ಬಗ್ಗಿಸಿದ್ದು ಅವ್ವನ ಉಪ್ಪಿನಕಾಯಿ ಭರಣಿಗೆ. ಬಿಸಿನೀರಿನಲ್ಲಿ ಮೂರು ಸಲ ತೊಳೆದಿದ್ದೆ. ಆದರೂ ಮೊದಲ ಗುಟುಕಿನಲ್ಲೇ ಮಾವಿನಕಾಯಿ, ಇಂಗು, ಸಾಸಿವೆ! ಒಂದು ತಿಂಗಳ ಸಂಬಳದ ಕಾಲು ಭಾಗ ಅದು. ತಾಮ್ರದ, ಹಿತ್ತಾಳೆಯ ತಂಬಿಗೆಯೂ ಬೇಡ, ವೈನಿನ ಹುಳಿಗೆ ಲೋಹ ಬಿಡುತ್ತದೆ.

ನಿಮ್ಮದು ಇನ್ನೂ ಒಗರಿರುವ ವೈನು, ಜಗ್ಗಿನಲ್ಲಿ ಎರಡು ತಾಸು ಬಿಡಿ. ನಲವತ್ತು ವರ್ಷದ್ದಾಗಿದ್ದರೆ ಬಗ್ಗಿಸಿದ ಕೂಡಲೇ ಕುಡಿಯಿರಿ ಅನ್ನುತ್ತಿದ್ದೆ. ಅಷ್ಟು ಮುದಿ ವೈನಿನ ಗಂಧ ಅರ್ಧ ತಾಸಿನಲ್ಲಿ ಹಾರಿಹೋಗುತ್ತದೆ. ಕುಡಿಯುವಾಗ 17 ಡಿಗ್ರಿ ಆಸುಪಾಸು ಇರಲಿ. ‘ರೂಮ್ ಟೆಂಪರೇಚರ್’ ಅಂತ ಪುಸ್ತಕದಲ್ಲಿ ಬರೆದದ್ದು ಅವರ ರೂಮಿನದು, ನಿಮ್ಮದಲ್ಲ. ಜಗ್ಗನ್ನೇ ಮುಚ್ಚಿ ಅರ್ಧ ತಾಸು ಫ್ರಿಜ್ಜಿನಲ್ಲಿಡಿ, ಸಾಕು. ಮಂಜುಗಡ್ಡೆ ಬೇಡ. ನಮ್ಮ ಕಡೆಯದೇ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಒಯ್ದಿದ್ದ ಹಳೆಯ ಕೆಂಪು ವೈನನ್ನು ಐಸ್ ಬಕೆಟ್ಟಿನಲ್ಲಿ ಮುಳುಗಿಸಿ ತಂದುಕೊಟ್ಟರು. ಹುಡುಗನ ಮುಖದಲ್ಲಿ ಎಷ್ಟು ಅಭಿಮಾನ ಇತ್ತೆಂದರೆ ಬೈಯಲು ಬಾಯಿ ಬರಲಿಲ್ಲ.

ಗೆಳೆಯರ ಮನೆಯಲ್ಲಿ ಹಳೆಯ ವೈನ್ ಕೊಟ್ಟರು. ಎಲ್ಲರೂ ಚರ್ಮ, ತಂಬಾಕು, ಕಾಡಿನ ನೆಲ ಅಂತ ಹೇಳುತ್ತಿದ್ದರು. ನನಗೆ ಹುಳಿ, ಒಗರು ಬಿಟ್ಟು ಏನೂ ತಿಳಿಯಲಿಲ್ಲ. ಅವರು ಸುಳ್ಳು ಹೇಳುತ್ತಾರಾ, ನನ್ನ ಮೂಗು ಸರಿಯಿಲ್ಲವಾ? — ಟಿಳಕವಾಡಿ, ಬೆಳಗಾವಿ

ಅರ್ಧ ಜನ ಪಕ್ಕದವರು ಹೇಳಿದ್ದನ್ನು ಹೇಳುತ್ತಾರೆ, ಅದು ನಿಜ. ಆದರೆ ಬೆಳಗಾವಿಯವರು ಚರ್ಮ, ತಂಬಾಕು ಗೊತ್ತಾಗಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಿಮ್ಮ ಜಿಲ್ಲೆಯ ನಿಪ್ಪಾಣಿಯಲ್ಲಿ ಸೀಸನ್ನಿನಲ್ಲಿ ಬಸ್ಸಿನ ಕಿಟಕಿ ತೆಗೆದರೆ ಸಾಕು, ಗೋದಾಮಿನ ತಂಬಾಕು ಮೂಗಿಗೆ ಹೊಡೆಯುತ್ತದೆ. ಸಿಗರೇಟಿನ ಹೊಗೆಯ ವಾಸನೆ ಅಲ್ಲ ಅದು. ಒಣಗಿದ ಎಲೆಯ ಸಿಹಿ, ಸ್ವಲ್ಪ ಜೇನು, ಸ್ವಲ್ಪ ಗೋಣಿಚೀಲ. ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ಹಳೆಯ ವೈನಿನಲ್ಲಿ ತಂಬಾಕು ಅನ್ನುವುದು ಇದಕ್ಕೇ. ಜೊತೆಗೆ ಪೆನ್ಸಿಲ್ ಕೆತ್ತಿದ ವಾಸನೆ. ಶಾಲೆಯಲ್ಲಿ ಶಾರ್ಪನರ್ ಮೂಸದವರು ಯಾರಿದ್ದಾರೆ?

ಚರ್ಮದ ಕಥೆ ನನ್ನದೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಫ್ರಾನ್ಸಿನಿಂದ ಸಲಹೆಗಾರರೊಬ್ಬರು ಬಂದಿದ್ದರು. ರೋನ್ ಕಣಿವೆಯ 1990ರ ಸಿರಾ ದ್ರಾಕ್ಷಿಯ ವೈನು ತೆಗೆದು ಸುತ್ತ ನಿಂತ ನಮಗೆಲ್ಲ ಎರಡೆರಡು ಗುಟುಕು ಹಾಕಿದರು. ಏನು ವಾಸನೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಬ್ಲ್ಯಾಕ್‌ಬೆರಿ, ಟ್ರಫಲ್ ಎಂದು ಸೀನಿಯರುಗಳು ಉರು ಹೊಡೆದದ್ದನ್ನು ಒಪ್ಪಿಸಿದರು. ಬ್ಲ್ಯಾಕ್‌ಬೆರಿಯನ್ನು ನಾನು ಅಲ್ಲಿಯವರೆಗೆ ಕಣ್ಣಿಂದ ನೋಡಿರಲಿಲ್ಲ. ಕಣ್ಣು ಮುಚ್ಚಿ ಮೂಸಿದೆ. ಅಪ್ಪ ನೆನಪಾದ. ಅಥಣಿ ಸಂತೆಯಿಂದ ಹೊಸ ಚಪ್ಪಲಿ ತಂದು, ಕರಕರ ಅನ್ನಬಾರದೆಂದು ಎಣ್ಣೆ ಹಚ್ಚಿ ಕಟ್ಟೆಯ ಬಿಸಿಲಿಗೆ ಇಟ್ಟಿರುತ್ತಿದ್ದನಲ್ಲ, ಅದೇ ವಾಸನೆ. ಎಣ್ಣೆ, ಹದ ಮಾಡಿದ ಚರ್ಮ, ಬಿಸಿಲು. ‘ಹೊಸ ಚಪ್ಪಲಿ’ ಅಂದುಬಿಟ್ಟೆ. ಎಲ್ಲರೂ ನಕ್ಕರು. ಆ ಮನುಷ್ಯ ನಗಲಿಲ್ಲ. ಯಾವ ಚಪ್ಪಲಿ, ಯಾವ ಎಣ್ಣೆ ಅಂತ ಕೇಳಿ ಡೈರಿಯಲ್ಲಿ ಬರೆದುಕೊಂಡರು.

ಅಂದಿನಿಂದ ನನ್ನ ಪಟ್ಟಿ ನನ್ನದೇ. ‘ಕಾಡಿನ ನೆಲ’ ಎಂದು ಅವರು ಹೇಳುವುದಕ್ಕೆ ನನ್ನ ಹತ್ತಿರ ಮೊದಲ ಮಳೆ ಆದ ಮೂರನೇ ದಿನದ ಎರೆಹೊಲ ಇದೆ, ಹಳೆಯ ತೊಗರಿ ಕಟ್ಟಿಗೆ ಕೊಳೆಯುತ್ತಿರುವುದು. ಹಣ್ಣಿನ ವಾಸನೆ ಒಣಗಿದರೆ ಮಾರ್ಚಿನ ಒಣದ್ರಾಕ್ಷಿ ಶೆಡ್ಡು. ಒದ್ದೆ ರಟ್ಟಿನ ಡಬ್ಬಿ, ಮುಗ್ಗಿದ ಗೋಣಿ ಅನಿಸಿದರೆ ಮಾತ್ರ ಗ್ಲಾಸು ಕೆಳಗಿಡಿ. ಅದು ಕಾರ್ಕ್ ಕೆಟ್ಟದ್ದು, ಎಷ್ಟೇ ಬೆಲೆಯ ಬಾಟಲಿ ಆದರೂ ಕೆಟ್ಟದ್ದೇ.

ಮುಂದಿನ ಸಲ ಹೀಗೆ ಮಾಡಿ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿಸಿಕೊಳ್ಳಿ. ಬಿಳಿ ಹಾಳೆಯ ಮೇಲೆ ಓರೆ ಹಿಡಿದು ಅಂಚು ನೋಡಿ. ಹೊಸ ವೈನಿನ ಅಂಚು ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ ಇರುತ್ತದೆ. ಹಳೆಯದರ ಅಂಚು ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಾಡಿಸದೆ ಒಮ್ಮೆ ಮೂಸಿ. ಅಲ್ಲಾಡಿಸಿ ಇನ್ನೊಮ್ಮೆ. ಗುಟುಕು ಹಾಕಿ ಬಾಯಲ್ಲಿ ಐದು ಎಣಿಸುವಷ್ಟು ಹೊತ್ತು ಇಟ್ಟು ನುಂಗಿ. ನುಂಗಿದ ಮೇಲೆ ಎಷ್ಟು ಹೊತ್ತು ಬಾಯಲ್ಲಿ ಉಳಿಯಿತು ಅಂತ ಲೆಕ್ಕ ಹಾಕಿ. ನಾನು ಬೇರೆಲ್ಲದಕ್ಕಿಂತ ಇದಕ್ಕೇ ಜಾಸ್ತಿ ಮಾರ್ಕು ಕೊಡುತ್ತೇನೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಅದೇ ಗ್ಲಾಸು ಬೇರೆಯೇ ಮಾತಾಡುತ್ತಿರುತ್ತದೆ. ಹುಳಿ ಮೊದಲು ತಿಳಿದದ್ದು ತಪ್ಪಲ್ಲ. ಹುಳಿ ಇಲ್ಲದಿದ್ದರೆ ಆ ವೈನು ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ.

ಆಕಳ ಕೊಂಬಿನಲ್ಲಿ ಸಗಣಿ ತುಂಬಿ ಹೂಳಿ, ಅದನ್ನು ದ್ರಾಕ್ಷಿಗೆ ಸಿಂಪಡಿಸಿ ಫ್ರಾನ್ಸಿನವರು ಲಕ್ಷ ಲಕ್ಷ ಗಳಿಸುತ್ತಾರೆ ಅಂತ ವಿಡಿಯೋ ನೋಡಿದೆ. ನಮ್ಮದು ಎಂಟು ಎಕರೆ ಥಾಮ್ಸನ್. ಮನೆಯಲ್ಲಿ ಖಿಲಾರಿ ಇವೆ. ಮಾಡಬಹುದಾ? — ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ

ಕೊಂಬಿನ ಕಥೆ ಖರೇ. ರುಡಾಲ್ಫ್ ಸ್ಟೈನರ್ ಎಂಬ ತತ್ವಜ್ಞಾನಿ 1924ರ ಜೂನಿನಲ್ಲಿ ಕೋಬರ್ವಿಟ್ಸ್ ಎಂಬ ಹಳ್ಳಿಯಲ್ಲಿ ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ಆಗ ಅದು ಜರ್ಮನಿ, ಈಗ ಪೋಲೆಂಡ್. ಬಯೋಡೈನಾಮಿಕ್ ಕೃಷಿಯ ಬೇರು ಅಲ್ಲಿದೆ. ನೀವು ನೋಡಿದ್ದಕ್ಕೆ ‘500’ ಎಂದು ಹೆಸರು. ಕರು ಹಾಕಿದ ಆಕಳ ಕೊಂಬೇ ಬೇಕು, ಎತ್ತಿನದು ನಡೆಯುವುದಿಲ್ಲ. ನಿಮ್ಮ ಖಿಲಾರಿ ಆಕಳದ್ದಾದರೆ ಆದೀತು. ಸಗಣಿ ತುಂಬಿ ಚಳಿಗಾಲ ಪೂರ್ತಿ ಹೂಳುತ್ತಾರೆ. ತೆಗೆದಾಗ ಅದು ಕಾಡುಮಣ್ಣಿನಂತೆ ಕಪ್ಪಾಗಿ, ವಾಸನೆ ಹೋಗಿ, ಪುಡಿಪುಡಿ ಆಗಿರುತ್ತದೆ. ಎಕರೆಗೆ ಸುಮಾರು 25 ಗ್ರಾಂ, ಹದಿನೈದು ಲೀಟರ್ ನೀರಿನಲ್ಲಿ. ಒಂದು ತಾಸು ಕದಡಬೇಕು. ಸುಳಿ ಏಳುವವರೆಗೆ ಒಂದು ಕಡೆ, ಆಮೇಲೆ ಸುಳಿ ಮುರಿದು ಇನ್ನೊಂದು ಕಡೆ. ಸಂಜೆ ಮಣ್ಣಿಗೆ ಚಿಮುಕಿಸುತ್ತಾರೆ. ನಮ್ಮ ದೇಶಕ್ಕೆ ಇದನ್ನು ಹೆಚ್ಚು ತಂದವರು ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್, 1993ರಿಂದ.

25 ಗ್ರಾಂ ಗೊಬ್ಬರ ಒಂದು ಎಕರೆಗೆ ಏನು ಮಾಡೀತು? ನೀವು ಟ್ರ್ಯಾಕ್ಟರ್ ಲೆಕ್ಕದಲ್ಲಿ ಹಾಕುವವರು, ನಗುತ್ತೀರಿ. ನಾನೂ ಲ್ಯಾಬಿನವಳು, ಕೊಂಬಿನ ಮಹಿಮೆ ನಂಬುವುದಿಲ್ಲ. ಕ್ಯಾಲಿಫೋರ್ನಿಯಾದ ಉಕಾಯಾ ಹತ್ತಿರ ಒಂದು ಮರ್ಲೋ ದ್ರಾಕ್ಷಿ ತೋಟದಲ್ಲಿ ಸಾವಯವ ಮತ್ತು ಬಯೋಡೈನಾಮಿಕ್ ಎರಡನ್ನೂ ಅಕ್ಕಪಕ್ಕ ವರ್ಷಗಟ್ಟಲೆ ಬೆಳೆಸಿ ನೋಡಿದರು. 2005ರಲ್ಲಿ ಪ್ರಕಟವಾಯಿತು. ಮಣ್ಣಿನಲ್ಲಿ ವ್ಯತ್ಯಾಸ ಸಿಗಲಿಲ್ಲ, ಹಣ್ಣಿನಲ್ಲಿ ಸಿಕ್ಕದ್ದು ತೀರ ಸಣ್ಣದು.

ಹಾಗಾದರೆ ಆ ವೈನುಗಳು ಯಾಕೆ ಚಲೋ? ತಾಸುಗಟ್ಟಲೆ ನೀರು ಕದಡುವ ಮನುಷ್ಯ ದಿನಾ ತೋಟದಲ್ಲಿ ಇರುತ್ತಾನೆ. ಎಲೆಯ ಹಿಂಬದಿಯಲ್ಲಿ ಬಿಳಿ ಬೂಜು ಕಂಡ ದಿನವೇ ಅವನಿಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಔಷಧದ ಅಂಗಡಿಯವನಿಗೆ ಫೋನ್ ಮಾಡುವವನಿಗೆ ಗೊತ್ತಾಗುವುದಿಲ್ಲ. ನಾನು ನೋಡಿದ ಮಟ್ಟಿಗೆ ವ್ಯತ್ಯಾಸ ಇರುವುದು ಅಲ್ಲಿ.

ಮೇಲೆ ಬಾಗಲಕೋಟೆ ಮೇಷ್ಟ್ರು ಕೇಳಿದ ಪೊಂತೆ-ಕಾನೆಯ ಕಥೆ ನಿಮಗೇ ಹೇಳಬೇಕು, ಆ ಬಿಳಿ ಬೂಜಿನ ಡೌನಿ ರೋಗದ ರುಚಿ ನೀವು ಬಲ್ಲಿರಿ. ಅದು ಬೋರ್ಡೋ ಪ್ರದೇಶದ ತೋಟ, ಸುಮಾರು 80 ಹೆಕ್ಟೇರ್. ಅಲ್ಲಿನ ವೈನ್ ತೋಟಗಳ 1855ರ ಪ್ರಸಿದ್ಧ ವರ್ಗೀಕರಣದಲ್ಲಿ ಐದನೇ ದರ್ಜೆ. ರಸ್ತೆಯ ಆಚೆ ಮೂತೋನ್ ರೋಥ್‌ಶಿಲ್ಡ್ ಎಂಬ ಹೆಸರಾಂತ ತೋಟ. 2004ರಲ್ಲಿ ಸ್ವಲ್ಪ ಜಾಗದಲ್ಲಿ ಬಯೋಡೈನಾಮಿಕ್ ಶುರು ಮಾಡಿದರು, ಆಮೇಲೆ ಪೂರ್ತಿ ತೋಟಕ್ಕೆ. 2007ರಲ್ಲಿ ಮಳೆ ಹಿಡಿಯಿತು, ಡೌನಿ ಏರಿತು. ಮಾಲೀಕ ಆಲ್ಫ್ರೆಡ್ ತೆಸ್ಸರೋನ್ ಧೈರ್ಯ ಕಳೆದುಕೊಂಡು ರಾಸಾಯನಿಕ ಹೊಡೆಸಿದರು. ಆಮೇಲೆ ಪಶ್ಚಾತ್ತಾಪಪಟ್ಟು ಮೊದಲಿನಿಂದ ಶುರು ಮಾಡಿ, 2010ರ ಬೆಳೆಗೆ ಪ್ರಮಾಣಪತ್ರ ಪಡೆದರು. ಮೇಷ್ಟ್ರ ಕೈಯಲ್ಲಿರುವುದು ಅದೇ ವರ್ಷದ್ದು. ಟ್ರ್ಯಾಕ್ಟರ್ ಮಣ್ಣು ಒತ್ತುತ್ತದೆ ಎಂದು ಕುದುರೆ ಕಟ್ಟಿ ಉಳುವುದನ್ನೂ ತಂದರು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ ಎಳೆ ಚಿಗುರು ಬಂದಾಗ ಹಿಂಗಾರಿ ಮಳೆ ನಾಲ್ಕು ದಿನ ಹಿಡಿದರೆ ನಿಮ್ಮ ಹೊಟ್ಟೆಯಲ್ಲಿ ಏನಾಗುತ್ತದೋ, 2007ರಲ್ಲಿ ಅವರಿಗೂ ಅದೇ ಆಗಿತ್ತು.

ಇನ್ನೊಂದು ವಿಷಯ. ನೀವು ಮೈಲುತುತ್ತ, ಸುಣ್ಣ ಕದಡಿ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೂ ಆ ತೋಟದ ಪಕ್ಕದ ಊರಲ್ಲೇ. ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ಸೇಂಟ್-ಜೂಲಿಯನ್ನಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. 1882ರಲ್ಲಿ ಪ್ರೊಫೆಸರ್ ಮಿಲಾರ್ದೆ ನೋಡಿದಾಗ ಆ ಸಾಲುಗಳಿಗೆ ಮಾತ್ರ ಡೌನಿ ಬಂದಿರಲಿಲ್ಲ. 1885ರಲ್ಲಿ ಪ್ರಕಟಿಸಿದರು. ಬಯೋಡೈನಾಮಿಕ್ ತೋಟದಲ್ಲೂ ತಾಮ್ರ ನಿಷೇಧವಲ್ಲ. ಬಯೋಡೈನಾಮಿಕ್ ತೋಟಗಳಿಗೆ ಡೆಮೀಟರ್ ಸಂಸ್ಥೆ ಕೊಡುವ ಪ್ರಮಾಣಪತ್ರಕ್ಕೆ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 3 ಕೆಜಿ ಮಿತಿ ಇದೆ. ಅದು ತಾಮ್ರದ ಲೆಕ್ಕ. ಮೈಲುತುತ್ತದಲ್ಲಿ ಕಾಲು ಭಾಗ ಮಾತ್ರ ತಾಮ್ರ, ಅಂದರೆ 12 ಕೆಜಿ ಮೈಲುತುತ್ತ. ನಿಮ್ಮ ವರ್ಷದ ಲೆಕ್ಕ ತೆಗೆದು ನೋಡಿ.

ಎಂಟೂ ಎಕರೆಗೆ ಕೈ ಹಾಕಬೇಡಿ. ಒಂದು ಎಕರೆ ಮಾಡಿ ನೋಡಿ. ಒಣದ್ರಾಕ್ಷಿ ವ್ಯಾಪಾರಿ ಕೊಂಬಿಗೆ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ, ಅವನಿಗೆ ಬೇಕಿರುವುದು ಹಸಿರು ಬಣ್ಣ, ದಪ್ಪ ಕಾಳು. ಫ್ರಾನ್ಸಿನವರ ಬಳ್ಳಿ ಚಳಿಗಾಲ ಪೂರ್ತಿ ಮಲಗುತ್ತದೆ. ನಾವು ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಎಬ್ಬಿಸುತ್ತೇವೆ, ಮಲಗಲು ಬಿಡುವುದೇ ಇಲ್ಲ. ವಿಡಿಯೋದಲ್ಲಿ ಅದನ್ನು ಹೇಳಿರಲಿಕ್ಕಿಲ್ಲ.

ಬಯೋಡೈನಾಮಿಕ್ ವೈನನ್ನು ಚಂದ್ರನ ಲೆಕ್ಕ ನೋಡಿ ತೆಗೆಯಬೇಕಂತೆ. ಅಮಾವಾಸ್ಯೆ ಆಗುತ್ತದಾ? — ಸಿಂದಗಿ

ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಎಂದು ಮರಿಯಾ ಟೂನ್ ಎಂಬ ಜರ್ಮನ್ ಮಹಿಳೆ ಚಂದ್ರನ ನಡೆ ನೋಡಿ ಪಂಚಾಂಗ ಮಾಡಿದ್ದರು. ಹಣ್ಣಿನ ದಿನ ವೈನು ರುಚಿ ಜಾಸ್ತಿ ಅನ್ನುತ್ತಾರೆ. ನ್ಯೂಜಿಲೆಂಡಿನಲ್ಲಿ 19 ಪರಿಣತರಿಗೆ ಪಿನೋ ನ್ವಾರ್ ದ್ರಾಕ್ಷಿಯ 12 ವೈನುಗಳನ್ನು ಹಣ್ಣಿನ ದಿನ, ಬೇರಿನ ದಿನ ಎರಡರಲ್ಲೂ ಹೆಸರು ಮುಚ್ಚಿ ಕೊಟ್ಟರು. ರುಚಿ ಬದಲಾಗಲಿಲ್ಲ. 2017ರ ವರದಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಾನು ಅವರನ್ನು ನೋಡಿ ನಗುವಂತಿಲ್ಲ, ಅಲ್ವಾ? ಅಮಾವಾಸ್ಯೆಗೆ ತೆಗೆಯಿರಿ. ಮನೆಯಲ್ಲಿ ಹಿರಿಯರು ಬೇಡ ಅಂದರೆ ಮರುದಿನ ತೆಗೆಯಿರಿ.

ದಿನಾ ಒಂದು ಗ್ಲಾಸ್ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂದು ಯಜಮಾನರು ಹೇಳುತ್ತಾರೆ. — ಗೋಕಾಕ

ಹೇಳುತ್ತಾರೆ, ಹೇಳುತ್ತಲೇ ಇರುತ್ತಾರೆ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಂಬಿನ ಗೊಬ್ಬರ ಹಾಕಿದ ಮಾತ್ರಕ್ಕೆ ಆಲ್ಕೋಹಾಲ್ ಸಾಧು ಆಗುವುದಿಲ್ಲ. ನಾನು ತಿಂಗಳಿಗೆ ಒಮ್ಮೆಯೋ ಎರಡು ತಿಂಗಳಿಗೆ ಒಮ್ಮೆಯೋ ಒಂದು ಗ್ಲಾಸು, ಅದೂ ರುಚಿಗೆ. ಔಷಧಿ ಬೇಕಾದರೆ ಡಾಕ್ಟರರನ್ನು ಕೇಳಲಿ.

ಹಳೆಯ ಕೆಂಪು ವೈನ್ ಜೊತೆ ಏನು ತಿನ್ನಬೇಕು? ಸಾವಜಿ ಮಟನ್ ನಡೆಯುತ್ತದಾ? — ಜಮಖಂಡಿ

ಅಯ್ಯೋ, ಬೇಡ. ಸಾವಜಿ ಖಾರದ ಮುಂದೆ ಹಳೆಯ ವೈನು ಬಿಸಿನೀರಿನಂತೆ ಆಗುತ್ತದೆ, ಮೇಲೆ ಉರಿಯೂ ಜಾಸ್ತಿ. ಖಾರ ಹಾಕದೆ ಉಪ್ಪು, ಮೆಣಸಿನಕಾಳಿನಲ್ಲಿ ಬೇಯಿಸಿದ ಮಟನ್, ಕಟಕ ರೊಟ್ಟಿ, ಮೇಲೆ ಬೆಣ್ಣೆ. ಮಾಂಸ ತಿನ್ನದವರು ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹುರಿದ ಶೇಂಗಾ ಕುಟ್ಟಿ ಹಾಕಿ, ಹಸಿಮೆಣಸಿನಕಾಯಿ ಬಿಟ್ಟು ಮಾಡಿ ನೋಡಿ. ಸುಟ್ಟ ಬದನೆಯ ಹೊಗೆಗೂ ಆ ತಂಬಾಕಿನ ವಾಸನೆಗೂ ಚಲೋ ಜೋಡಿ. ಕರದಂಟು ಊಟ ಮುಗಿದ ಮೇಲೆ, ಗ್ಲಾಸು ಖಾಲಿ ಆದ ಮೇಲೆ. ಬಾಟಲಿಯ ತಳದ ಗಷ್ಟನ್ನು ನಾನೊಮ್ಮೆ ಮಟನ್ ಸಾರಿಗೆ ಹಾಕಿದ್ದೆ. ಸಾರು ನೇರಳೆ ಬಣ್ಣಕ್ಕೆ ತಿರುಗಿತು, ಬೆಕ್ಕು ಮೂಸಿ ನೋಡಿ ಎದ್ದು ಹೋಯಿತು. ರುಚಿ ಮಾತ್ರ ಅಷ್ಟೇನೂ ಕೆಟ್ಟಿರಲಿಲ್ಲ.